ಲೆಕ್ಕಪುಸ್ತಕದಲ್ಲಿ ಇಲ್ಲದ ಸಾಲ

ಗ್ಯಾಂಗ್‌ಸ್ಟರ್ ಸಿನಿಮಾ ಎಂದ ಕೂಡಲೇ ನಮ್ಮಲ್ಲಿ ಎರಡು ಗುಂಪು ಆಗುತ್ತದೆ. ಹಿಂದಿನ ಬೆಂಚಿನವರಿಗೆ ಮಚ್ಚು, ಸ್ಲೋ ಮೋಷನ್, ಶಿಳ್ಳೆ ಹೊಡೆಸುವ ಡೈಲಾಗ್ ನೆನಪಾಗುತ್ತವೆ. ಮನೆಯ ಹಿರಿಯರಿಗೆ “ಇಂಥದ್ದನ್ನು ನೋಡಿಯೇ ಮಕ್ಕಳು ಕೆಡುವುದು” ಎಂಬ ಮಾತು ನೆನಪಾಗುತ್ತದೆ. ನಾನು ಈ ಲೇಖನದಲ್ಲಿ ಹೇಳಹೊರಟಿರುವ ಚಿತ್ರ ಎರಡೂ ಗುಂಪಿಗೆ ನಿರಾಸೆ ಮಾಡುತ್ತದೆ. ಶಿಳ್ಳೆ ಹೊಡೆಯಬೇಕು ಎನ್ನುವಷ್ಟರಲ್ಲಿ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಹಾಗೆಂದು ನೋಡಿ ಕೆಟ್ಟುಹೋಗುವುದಕ್ಕೂ ಆಗುವುದಿಲ್ಲ, ಏಕೆಂದರೆ ರೌಡಿಯ ಜೀವನ ಎಷ್ಟು ನಷ್ಟದ ವ್ಯಾಪಾರ ಎಂಬುದನ್ನು ಅದು ಪೈಸೆ ಪೈಸೆ ಲೆಕ್ಕ ಹಾಕಿ ತೋರಿಸುತ್ತದೆ.

ಚಿತ್ರದ ಹೆಸರು ‘ದಿ ಲಾಂಗ್ ಗುಡ್ ಫ್ರೈಡೇ’. (ಇಲ್ಲಿನ ಲಾಂಗ್ ನಮ್ಮ ಕನ್ನಡ ಸಿನಿಮಾದ ಲಾಂಗ್ ಅಲ್ಲ, ಉದ್ದ ಎಂದಷ್ಟೇ ಅರ್ಥ!) 1979ರಲ್ಲಿ ಲಂಡನ್ನಿನಲ್ಲಿ ಚಿತ್ರೀಕರಣವಾಗಿ, 1981ರಲ್ಲಿ ಬ್ರಿಟನ್ನಿನ ಚಿತ್ರಮಂದಿರಗಳಿಗೆ ಬಂತು. ನಿರ್ದೇಶಕ ಜಾನ್ ಮೆಕೆಂಝಿ, ಕಥೆ ಬರೆದವರು ನಾಟಕಕಾರ ಬ್ಯಾರಿ ಕೀಫ್. 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಇಪ್ಪತ್ತನೇ ಶತಮಾನದ ನೂರು ಶ್ರೇಷ್ಠ ಬ್ರಿಟಿಷ್ ಚಿತ್ರಗಳ ಪಟ್ಟಿ ಮಾಡಿದಾಗ ಇದಕ್ಕೆ 21ನೇ ಸ್ಥಾನ ಸಿಕ್ಕಿತು. ನಾನು ಇದನ್ನು ಮೆಚ್ಚಿಕೊಂಡದ್ದು ಆ ಸ್ಥಾನಕ್ಕಾಗಿ ಅಲ್ಲ. ಅಕೌಂಟೆನ್ಸಿ ಮತ್ತು ಬಿಸಿನೆಸ್ ಸ್ಟಡೀಸ್ ಓದುವವರಿಗೆ ಇದರಷ್ಟು ಚೆನ್ನಾಗಿ ಅರ್ಥವಾಗುವ ಇನ್ನೊಂದು ಗ್ಯಾಂಗ್‌ಸ್ಟರ್ ಚಿತ್ರವನ್ನು ನಾನಂತೂ ನೋಡಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಚಿತ್ರದ ಸ್ವಾರಸ್ಯ ಅದರ ಕೊನೆಯಲ್ಲಿ ಇದೆ, ಅದನ್ನು ಹೇಳದೆ ಬರೆಯುವುದು ಸಾಧ್ಯವಿಲ್ಲ. ಆದ್ದರಿಂದ ಕೊನೆಯನ್ನೂ ಹೇಳಿಬಿಡುತ್ತೇನೆ. ಇನ್ನೊಂದು ವಿಷಯ, ಇದು ಅಬ್ಬು, ಅಮ್ಮಿ, ತಮ್ಮ, ತಂಗಿ ಎಲ್ಲರ ಜೊತೆ ಹಾಲ್‌ನಲ್ಲಿ ಕೂತು ನೋಡುವ ಚಿತ್ರವಲ್ಲ. ಹಿಂಸೆ ಇದೆ, ಬೈಗುಳ ಧಾರಾಳವಾಗಿದೆ.

ಕಥೆ ಇಷ್ಟು. ಹ್ಯಾರಲ್ಡ್ ಶಾಂಡ್ ಲಂಡನ್ನಿನ ಅಧೋಲೋಕದ ದೊರೆ. ಹತ್ತು ವರ್ಷದಿಂದ ನಗರದಲ್ಲಿ ದೊಡ್ಡ ಗ್ಯಾಂಗ್ ಜಗಳ ಆಗದಂತೆ ನೋಡಿಕೊಂಡಿದ್ದೇನೆ ಎಂಬ ಹೆಮ್ಮೆ ಅವನಿಗೆ. ಕ್ಯಾಸಿನೊ, ಪಬ್, ಐಷಾರಾಮಿ ದೋಣಿ ಎಲ್ಲವೂ ಇವೆ. ಪೊಲೀಸ್ ಅಧಿಕಾರಿಯೊಬ್ಬ, ಕೌನ್ಸಿಲರ್ ಒಬ್ಬ ಅವನ ಜೇಬಿನಲ್ಲಿದ್ದಾರೆ. ಈಗ ಅವನಿಗೆ ‘ಮರ್ಯಾದಸ್ಥ’ ಆಗಬೇಕಿದೆ. ಥೇಮ್ಸ್ ನದಿಯ ದಡದಲ್ಲಿ ಪಾಳುಬಿದ್ದ ಹಡಗುಕಟ್ಟೆಗಳ ಜಾಗವನ್ನು ಕೊಂಡು, ಅಲ್ಲಿ ದೊಡ್ಡ ನಿರ್ಮಾಣ ಮಾಡಿ, 1988ರ ಒಲಿಂಪಿಕ್ಸನ್ನು ಲಂಡನ್ನಿಗೆ ತರುವುದು ಅವನ ಯೋಜನೆ. ಬಂಡವಾಳ ಹಾಕಲು ಅಮೆರಿಕದ ಮಾಫಿಯಾದಿಂದ ಚಾರ್ಲಿ ಎಂಬ ಹಿರಿಯ ಮತ್ತು ಅವನ ವಕೀಲ ಈಸ್ಟರ್ ವಾರಾಂತ್ಯಕ್ಕೆ ಲಂಡನ್ನಿಗೆ ಬರುತ್ತಾರೆ. ಅದೇ ಗುಡ್ ಫ್ರೈಡೇ ದಿನ ಹ್ಯಾರಲ್ಡ್‌ನ ತಾಯಿ ಚರ್ಚಿನೊಳಗೆ ಪ್ರಾರ್ಥನೆಯಲ್ಲಿರುವಾಗ ಹೊರಗೆ ನಿಂತಿದ್ದ ಅವನ ರೋಲ್ಸ್‌ರಾಯ್ಸ್ ಕಾರು ಬಾಂಬಿಗೆ ಸಿಡಿದುಹೋಗುತ್ತದೆ, ಡ್ರೈವರ್ ಸಾಯುತ್ತಾನೆ. ಅವನ ಹಳೆಯ ಸ್ನೇಹಿತ ಕಾಲಿನ್ ಈಜುಕೊಳದಲ್ಲಿ ಕೊಲೆಯಾಗುತ್ತಾನೆ. ಕ್ಯಾಸಿನೊದಲ್ಲಿ ಸಿಡಿಯದ ಬಾಂಬು ಸಿಗುತ್ತದೆ. ಅತಿಥಿಗಳನ್ನು ಊಟಕ್ಕೆ ಕರೆದೊಯ್ಯುತ್ತಿದ್ದ ಪಬ್ ಅವರು ತಲುಪುವಷ್ಟರಲ್ಲೇ ಸ್ಫೋಟವಾಗುತ್ತದೆ. ಮಾಡುತ್ತಿರುವವರು ಯಾರು? ಯಾಕೆ? ಹ್ಯಾರಲ್ಡ್‌ಗೆ ಗೊತ್ತಿಲ್ಲ. ಅತಿಥಿಗಳು ವಾಪಸ್ ಹೋಗುವ ಮೊದಲು ಅದನ್ನು ಅವನು ಕಂಡುಹಿಡಿಯಬೇಕು.

ಇಲ್ಲಿ ಸ್ವಲ್ಪ ನಿಂತು ಆ ಹಡಗುಕಟ್ಟೆಗಳ ವಿಷಯ ಹೇಳಬೇಕು, ಇಲ್ಲವಾದರೆ ಚಿತ್ರದ ಅರ್ಧ ಅರ್ಥ ತಪ್ಪಿಹೋಗುತ್ತದೆ. ಲಂಡನ್ನಿನ ಪೂರ್ವಭಾಗದಲ್ಲಿ ಥೇಮ್ಸ್ ಉದ್ದಕ್ಕೂ ದೊಡ್ಡ ದೊಡ್ಡ ಡಾಕ್‌ಗಳಿದ್ದವು. ವೆಸ್ಟ್ ಇಂಡಿಯಾ ಡಾಕ್ಸ್ 1802ರಲ್ಲಿ ಶುರುವಾದದ್ದು, ಕೆರಿಬಿಯನ್ ದ್ವೀಪಗಳ ಸಕ್ಕರೆಗೆ. ಈಸ್ಟ್ ಇಂಡಿಯಾ ಡಾಕ್ಸ್ 1806ರಲ್ಲಿ, ನಮ್ಮ ಕಡೆಯಿಂದ ಹೋಗುತ್ತಿದ್ದ ಸರಕಿಗೆ. ಅಂದರೆ ನಾವು ಇತಿಹಾಸ ಪಾಠದಲ್ಲಿ ಓದುವ ‘ಸಂಪತ್ತಿನ ಸೋರಿಕೆ’ ಹೋಗಿ ಇಳಿದ ಜಾಗಗಳಲ್ಲಿ ಅದೂ ಒಂದು. ಸಾವಿರಾರು ಕೂಲಿಕಾರರು ಅಲ್ಲಿ ಮೂಟೆ ಹೊತ್ತು ಬದುಕಿದರು. ಆಮೇಲೆ ಬಂದದ್ದು ಕಂಟೇನರ್. 1956ರಲ್ಲಿ ಅಮೆರಿಕದ ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಕಂಪನಿಯ ಮಾಲೀಕ ಸರಕನ್ನು ಬಿಡಿ ಬಿಡಿಯಾಗಿ ಹೊರುವ ಬದಲು ಪೆಟ್ಟಿಗೆ ಸಮೇತ ಹಡಗಿಗೆ ಏರಿಸುವ ವ್ಯವಸ್ಥೆ ಶುರುಮಾಡಿದ. ಕಂಟೇನರ್ ಹಡಗುಗಳು ದೊಡ್ಡವು, ಲಂಡನ್ನಿನ ಹಳೆಯ ಡಾಕ್‌ಗಳೊಳಗೆ ಹಿಡಿಸುವುದಿಲ್ಲ. ವ್ಯಾಪಾರ ನದಿಯ ಕೆಳಭಾಗದ ಟಿಲ್‌ಬರಿಗೆ ಹೋಯಿತು. 1960ರ ದಶಕದ ಕೊನೆಯಿಂದ ಡಾಕ್‌ಗಳು ಒಂದೊಂದಾಗಿ ಮುಚ್ಚಿದವು, 1981ರಲ್ಲಿ ಕೊನೆಯದಾಗಿ ರಾಯಲ್ ಡಾಕ್ಸ್. ಹತ್ತಾರು ಕಿಲೋಮೀಟರ್ ಉದ್ದದ ನದೀತೀರ ಖಾಲಿ ಗೋದಾಮು, ಮುರಿದ ಕ್ರೇನುಗಳ ಸ್ಮಶಾನವಾಯಿತು. ಚಿತ್ರದಲ್ಲಿ ಕಾಣುವ ಆ ಪಾಳು ಜಾಗ ಸೆಟ್ ಹಾಕಿದ್ದಲ್ಲ, ನಿಜವಾದದ್ದು.

ಆ ಜಾಗಕ್ಕೆ ಮುಂದೆ ಬೆಲೆ ಬರುತ್ತದೆ ಎಂದು ಹ್ಯಾರಲ್ಡ್‌ಗೆ ಹೊಳೆದದ್ದು ಸುಳ್ಳಾಗಲಿಲ್ಲ. ಚಿತ್ರ ಬಿಡುಗಡೆಯಾದ 1981ರಲ್ಲೇ ಬ್ರಿಟಿಷ್ ಸರ್ಕಾರ ಆ ಪ್ರದೇಶದ ಅಭಿವೃದ್ಧಿಗೆ ಒಂದು ನಿಗಮ ಮಾಡಿತು. ವೆಸ್ಟ್ ಇಂಡಿಯಾ ಡಾಕ್ಸ್ ಇದ್ದಲ್ಲೇ ಇವತ್ತು ಕ್ಯಾನರಿ ವಾರ್ಫ್ ಎಂಬ ಬ್ಯಾಂಕುಗಳ ಗಾಜಿನ ಗೋಪುರಗಳಿವೆ. ಮೊದಲ ದೊಡ್ಡ ಗೋಪುರ 1991ರಲ್ಲಿ ಮುಗಿಯಿತು, ಮರುವರ್ಷವೇ ಅದನ್ನು ಕಟ್ಟಿಸಿದ ಒಲಿಂಪಿಯಾ ಅಂಡ್ ಯಾರ್ಕ್ ಕಂಪನಿ ದಿವಾಳಿ ಎದ್ದಿತು! ಒಲಿಂಪಿಕ್ಸ್ ಕೂಡ ಬಂತು. 1988ರದ್ದು ಸಿಯೋಲ್‌ಗೆ ಹೋಯಿತು, ಆದರೆ 2012ರದ್ದು ಪೂರ್ವ ಲಂಡನ್ನಿನಲ್ಲೇ ನಡೆಯಿತು. ಸಿನಿಮಾದ ರೌಡಿಯ ಪ್ರಾಜೆಕ್ಟ್ ರಿಪೋರ್ಟ್ ಮೂವತ್ತು ವರ್ಷದಲ್ಲಿ ಹೆಚ್ಚುಕಡಿಮೆ ನಿಜವಾಯಿತು. ಕಥೆ ಬರೆದ ಬ್ಯಾರಿ ಕೀಫ್ ಅದೇ ಪೂರ್ವ ಲಂಡನ್ನಿನವರು, ಅಲ್ಲಿನ ಸ್ಥಳೀಯ ಪತ್ರಿಕೆಯಲ್ಲಿ ವರದಿಗಾರರಾಗಿದ್ದವರು. ಅವರಿಗೆ ಇದು ಕಾಣಿಸಿದ್ದು ಆಶ್ಚರ್ಯವಲ್ಲ.

ಈಗ ಚಿತ್ರದ ಆರಂಭಕ್ಕೆ ಬರೋಣ. ಮೊದಲ ಕೆಲವು ನಿಮಿಷ ನನಗೆ ಏನೂ ಅರ್ಥವಾಗಲಿಲ್ಲ, ನಿಮಗೂ ಆಗುವುದಿಲ್ಲ. ಅದು ಬೇಕೆಂದೇ ಮಾಡಿರುವುದು. ಮಾತು ಬಹಳ ಕಡಿಮೆ. ಒಂದು ಪೆಟ್ಟಿಗೆ ತುಂಬ ಹಣ. ಅದರಿಂದ ಒಂದಿಷ್ಟು ಕದಿಯುವ ಕೈ. ಎಲ್ಲೋ ಹಳ್ಳಿಯ ಒಂಟಿ ಮನೆ, ಹಣ ಎಣಿಸುವ ಗಂಡಸರು, ಇದ್ದಕ್ಕಿದ್ದಂತೆ ಗುಂಡಿನ ದಾಳಿ. ಶವಪೆಟ್ಟಿಗೆ. ಕಪ್ಪು ಉಡುಪಿನ ಹೆಂಗಸೊಬ್ಬಳು ನೆಟ್ಟಗೆ ಬಂದು ಸೂಟು ಹಾಕಿದ ಯುವಕನ ಮುಖಕ್ಕೆ ಉಗಿಯುತ್ತಾಳೆ. ಯಾರು, ಯಾಕೆ, ಒಂದೂ ಹೇಳುವುದಿಲ್ಲ. ಇದಾದ ಮೇಲೆ ಹ್ಯಾರಲ್ಡ್ ಕಾಂಕಾರ್ಡ್ ವಿಮಾನದಿಂದ ಇಳಿದು, ಹಿನ್ನೆಲೆಯಲ್ಲಿ ಆ ಸಂಗೀತ ಬಡಿಯುತ್ತಿರುವಾಗ, ವಿಮಾನ ನಿಲ್ದಾಣವೇ ತನ್ನದು ಎಂಬಂತೆ ನಡೆದು ಬರುತ್ತಾನೆ.

ನನ್ನ ಓದಿನ ಭಾಷೆಯಲ್ಲಿ ಹೇಳುವುದಾದರೆ ನಿರ್ದೇಶಕರು ಮೊದಲು ವೋಚರುಗಳನ್ನು ಮೇಜಿನ ಮೇಲೆ ಚೆಲ್ಲಿಬಿಡುತ್ತಾರೆ. ದಿನಾಂಕ ಇಲ್ಲ, ವಿವರಣೆ ಇಲ್ಲ, ಯಾವ ಖಾತೆಗೆ ಸೇರಿದ್ದು ಎಂದು ಬರೆದಿಲ್ಲ. ಉಳಿದ ಸಿನಿಮಾ ಪೂರ್ತಿ ಆ ವೋಚರುಗಳಿಗೆ ಜರ್ನಲ್ ಎಂಟ್ರಿ ಹಾಕುವ ಕೆಲಸ. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ನಾಯಕನಿಗೆ ಗೊತ್ತಿದ್ದು ನಮಗೆ ಗೊತ್ತಿರುವುದಿಲ್ಲ. ಇಲ್ಲಿ ಸಾಕ್ಷ್ಯ ನಮ್ಮ ಕಣ್ಣೆದುರೇ ಇದೆ, ಹ್ಯಾರಲ್ಡ್ ಅದನ್ನು ನೋಡಿಯೇ ಇಲ್ಲ, ಏಕೆಂದರೆ ಅವನು ಆಗ ನ್ಯೂಯಾರ್ಕಿನಲ್ಲಿದ್ದ. ಮಾಲೀಕ ಊರಲ್ಲಿ ಇಲ್ಲದಾಗ ಅಂಗಡಿಯಲ್ಲಿ ನಡೆದ ವ್ಯವಹಾರ ಅದು. ಎರಡನೇ ಸಲ ನೋಡುವಾಗ ಈ ಆರಂಭದ ಪ್ರತಿ ಶಾಟ್‌ಗೂ ಅರ್ಥ ಬರುತ್ತದೆ. ಸಾಧ್ಯವಾದರೆ ಚಿತ್ರ ಮುಗಿದ ಕೂಡಲೇ ಮೊದಲ ಹತ್ತು ನಿಮಿಷವನ್ನು ಮತ್ತೆ ಹಾಕಿ ನೋಡಿ.

ಹ್ಯಾರಲ್ಡ್ ಪಾತ್ರ ಮಾಡಿದವರು ಬಾಬ್ ಹಾಸ್ಕಿನ್ಸ್. ಕುಳ್ಳು, ದಪ್ಪ, ಕತ್ತೇ ಇಲ್ಲದಂತಹ ಮೈಕಟ್ಟು. ಹೀರೊ ಎನ್ನುವ ಯಾವ ಲಕ್ಷಣವೂ ಇಲ್ಲ. ನಟನಾ ಶಾಲೆಗೆ ಹೋದವರಲ್ಲ. ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟು ಹಮಾಲಿ, ಲಾರಿ ಡ್ರೈವರ್, ಕಿಟಕಿ ತೊಳೆಯುವವ ಹೀಗೆ ಏನೇನೋ ಕೆಲಸ ಮಾಡಿದವರು. ಇನ್ನೊಂದು ಸಂಗತಿ ಓದಿ ನನಗೆ ಬಹಳ ಖುಷಿಯಾಯಿತು: ಅವರು ಮೂರು ವರ್ಷದ ಅಕೌಂಟೆನ್ಸಿ ಕೋರ್ಸ್ ಸೇರಿ ಅರ್ಧಕ್ಕೇ ಬಿಟ್ಟವರು! (ಪ್ರಿನ್ಸಿಪಾಲರು ಇದನ್ನು ಪ್ರೋತ್ಸಾಹ ಎಂದು ತಿಳಿಯಬಾರದಾಗಿ ವಿನಂತಿ.) ಮುಂದೆ 1986ರ ‘ಮೋನಾ ಲೀಸಾ’ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದರು, 2014ರಲ್ಲಿ ತೀರಿಕೊಂಡರು.

ಹಾಸ್ಕಿನ್ಸ್ ಅವರ ಹ್ಯಾರಲ್ಡ್‌ನನ್ನು ಅರ್ಥ ಮಾಡಿಕೊಳ್ಳಲು ದೋಣಿಯ ದೃಶ್ಯ ನೋಡಬೇಕು. ಅತಿಥಿಗಳನ್ನು ಹತ್ತಿಸಿಕೊಂಡು ದೋಣಿ ಥೇಮ್ಸ್ ಮೇಲೆ ಸಾಗುತ್ತಿದೆ. ಹ್ಯಾರಲ್ಡ್ ಭಾಷಣಕ್ಕೆ ನಿಲ್ಲುತ್ತಾನೆ, ಅವನ ಬೆನ್ನ ಹಿಂದೆ ಸರಿಯಾಗಿ ನಡುಮಧ್ಯಕ್ಕೆ ಟವರ್ ಬ್ರಿಡ್ಜ್ ಬಂದು ಕೂರುತ್ತದೆ, ಕಿರೀಟದ ಹಾಗೆ. ತಾನು ರಾಜಕಾರಣಿಯಲ್ಲ, ಇತಿಹಾಸ ಬಲ್ಲ ವ್ಯಾಪಾರಿ ಎಂಬ ಅರ್ಥದಲ್ಲಿ ಮಾತಾಡುತ್ತಾನೆ. ಲಂಡನ್ನು ಯುರೋಪಿನ ರಾಜಧಾನಿಯಾಗುತ್ತದೆ ಎನ್ನುತ್ತಾನೆ. ಬ್ರಿಟನ್ 1973ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಸೇರಿತ್ತು, ಆ ಉತ್ಸಾಹ ಇನ್ನೂ ಇತ್ತು. ಕೇಳುತ್ತ ಕೇಳುತ್ತ ನಾವೂ ಅವನ ಕಡೆ ವಾಲುತ್ತೇವೆ. ಬಡ ಕೇರಿಯಿಂದ ಬಂದವನು, ತನ್ನ ಊರಿಗಾಗಿ ಕನಸು ಕಾಣುತ್ತಿದ್ದಾನೆ, ಆಗಲಿ ಬಿಡು ಎನಿಸುತ್ತದೆ.

ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ ತನ್ನ ಎದುರಾಳಿ ರೌಡಿಗಳನ್ನೆಲ್ಲ ಹಿಡಿದು ತರಿಸಿ, ಕಸಾಯಿಖಾನೆಯಲ್ಲಿ ಮಾಂಸ ತೂಗುಹಾಕುವ ಕೊಕ್ಕೆಗಳಿಗೆ ತಲೆಕೆಳಗಾಗಿ ನೇತುಹಾಕಿ ವಿಚಾರಣೆ ಮಾಡುತ್ತಾನೆ. ಬ್ರಿಕ್ಸ್‌ಟನ್ ಬಡಾವಣೆಗೆ ಹೋದಾಗ ಅಲ್ಲಿನ ಕಪ್ಪು ಜನರ ಬಗ್ಗೆ ಅವನ ಬಾಯಿಂದ ಬರುವ ಮಾತು ಕೇಳಿ ನನಗೆ ಅವನ ಮೇಲಿದ್ದ ಪ್ರೀತಿ ಇಳಿದುಹೋಯಿತು. ತಾನು ಕೊಳಚೆಯಿಂದ ಮೇಲೆ ಬಂದವನು ಕೊಳಚೆಯಲ್ಲಿ ಉಳಿದವರನ್ನು ನೋಡಿ ಮೂಗು ಮುರಿಯುತ್ತಾನೆ. ನಿರ್ದೇಶಕರು ಈ ಎರಡು ಹ್ಯಾರಲ್ಡ್‌ಗಳ ನಡುವೆ ಗೋಡೆ ಕಟ್ಟುವುದಿಲ್ಲ. ಒಳ್ಳೆಯ ರೌಡಿ, ಕೆಟ್ಟ ರೌಡಿ ಎಂಬ ಲೆಕ್ಕ ಇಲ್ಲಿಲ್ಲ. ನಗು ತರಿಸುವ ಹ್ಯಾರಲ್ಡ್ ಮತ್ತು ಭಯ ಹುಟ್ಟಿಸುವ ಹ್ಯಾರಲ್ಡ್ ಒಂದೇ ವಾಕ್ಯದೊಳಗೆ ಇರುತ್ತಾರೆ.

ಬಾಂಬು ಇಟ್ಟವರು ಯಾರು? ಐರಿಷ್ ರಿಪಬ್ಲಿಕನ್ ಆರ್ಮಿ, ಐಆರ್‌ಎ. ಕಾರಣ ಗೊತ್ತಾಗುವುದು ಬಹಳ ತಡವಾಗಿ. ಹ್ಯಾರಲ್ಡ್‌ನ ಬಲಗೈ ಜೆಫ್, ಕೌನ್ಸಿಲರ್ ಹ್ಯಾರಿಸ್ ಜೊತೆ ಸೇರಿ, ಕಟ್ಟಡ ಕೆಲಸದಲ್ಲಿ ಐರಿಷ್ ಕಾರ್ಮಿಕರ ಕಡೆಯಿಂದ ತೊಂದರೆ ಬರದಿರಲಿ ಎಂದು ಐಆರ್‌ಎಗೆ ಹಣ ಕಳುಹಿಸಿರುತ್ತಾನೆ. ಹಣ ಒಯ್ದ ಕಾಲಿನ್ ಅದರಲ್ಲಿ ಸ್ವಲ್ಪ ಹೊಡೆದುಕೊಂಡಿರುತ್ತಾನೆ. ಅದೇ ರಾತ್ರಿ ಆ ಮನೆಯಲ್ಲಿದ್ದ ಐಆರ್‌ಎ ಮಂದಿ ಕೊಲ್ಲಲ್ಪಡುತ್ತಾರೆ. ಹಣ ಕದ್ದದ್ದೂ, ಹಿಡಿದುಕೊಟ್ಟದ್ದೂ ಹ್ಯಾರಲ್ಡ್‌ನೇ ಎಂದು ಅವರು ತೀರ್ಮಾನಿಸುತ್ತಾರೆ. ಹ್ಯಾರಲ್ಡ್‌ಗೆ ಇದರ ಗಾಳಿಗಂಧವೂ ಇಲ್ಲ.

ಇಲ್ಲಿ ನನಗೆ ಪಾಲುದಾರಿಕೆ ಪಾಠ ನೆನಪಾಯಿತು. ನಮ್ಮ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆಯ ವ್ಯವಹಾರದ ಮಟ್ಟಿಗೆ ಪ್ರತಿ ಪಾಲುದಾರನೂ ಸಂಸ್ಥೆಯ ಏಜೆಂಟ್. ಅವನು ಸಂಸ್ಥೆಯ ಹೆಸರಲ್ಲಿ ಮಾಡಿದ ಕೆಲಸಕ್ಕೆ ಉಳಿದವರೂ ಬದ್ಧರು. “ನನಗೆ ಗೊತ್ತಿರಲಿಲ್ಲ” ಎಂದರೆ ಹೊರಗಿನ ಸಾಲಗಾರ ಕೇಳುವುದಿಲ್ಲ. ಜೆಫ್ ಕಾಗದದ ಮೇಲೆ ಪಾಲುದಾರನಲ್ಲ, ಹ್ಯಾರಲ್ಡ್‌ನ ವ್ಯವಹಾರಕ್ಕೆ ಕಾಗದವೇ ಇಲ್ಲ! ಆದರೆ ಹೊರಗಿನವರ ಕಣ್ಣಿಗೆ ಜೆಫ್ ಎಂದರೆ ಹ್ಯಾರಲ್ಡ್. ಹೀಗೆ ಹ್ಯಾರಲ್ಡ್‌ನ ಬ್ಯಾಲೆನ್ಸ್ ಶೀಟಿನಲ್ಲಿ ಬರೆಯದೇ ಉಳಿದ ಒಂದು ಹೊಣೆ ಇತ್ತು. ಅಮೆರಿಕನ್ನರಿಗೆ ತೋರಿಸಿದ ಪಟ್ಟಿಯಲ್ಲಿ ಆಸ್ತಿಗಳೆಲ್ಲ ಇದ್ದವು: ಜಾಗ, ಕ್ಯಾಸಿನೊ, ಕೌನ್ಸಿಲರ್, ಪೊಲೀಸು, ಹತ್ತು ವರ್ಷದ ಶಾಂತಿ ಎಂಬ ಗುಡ್‌ವಿಲ್. ಸಾಲದ ಕಡೆ ಆ ಒಂದು ಸಾಲು ಇರಲಿಲ್ಲ. ಕಾನೂನುಬದ್ಧ ವ್ಯಾಪಾರದಲ್ಲಿ ಹೀಗಾದರೆ ಆಡಿಟರ್ ಇದ್ದಾರೆ, ಕೋರ್ಟ್ ಇದೆ, ಕೊನೆಗೆ ದಿವಾಳಿ ಅರ್ಜಿಯಾದರೂ ಇದೆ. ಹ್ಯಾರಲ್ಡ್‌ನ ವ್ಯಾಪಾರದಲ್ಲಿ ಸಾಲ ವಸೂಲಿಗೆ ಬರುವವರು ಬಾಂಬು ತರುತ್ತಾರೆ.

ಎಲ್ಲ ಗೊತ್ತಾದ ಮೇಲೆ ಅವನು ಜೆಫ್‌ನನ್ನು ಒಡೆದ ಬಾಟಲಿಯಿಂದ ಇರಿದು ಕೊಲ್ಲುತ್ತಾನೆ, ಮರುಕ್ಷಣವೇ ಆ ಹುಡುಗನ ರಕ್ತ ನಿಲ್ಲಿಸಲು ಒದ್ದಾಡುತ್ತಾನೆ. ಮಗನಂತೆ ಬೆಳೆಸಿದವನು. ಚಿತ್ರದ ಅತಿ ಭಯಾನಕ ದೃಶ್ಯ ಇದು. ಆಮೇಲೂ ಅವನಿಗೆ ಅರ್ಥವಾಗದ ಒಂದು ವಿಷಯ ಉಳಿಯುತ್ತದೆ. ಎದುರಾಳಿ ಎಂದರೆ ಅವನ ಪ್ರಕಾರ ಒಂದೋ ಹಣಕ್ಕೆ ಬಗ್ಗುವವನು, ಇಲ್ಲವೇ ಹೊಡೆತಕ್ಕೆ ಬಗ್ಗುವವನು. ಹಣ ಕೊಡುವ ನೆಪ ಮಾಡಿ ಐಆರ್‌ಎ ನಾಯಕರನ್ನು ಕಾರ್ ರೇಸ್ ನಡೆಯುವ ಜಾಗದಲ್ಲಿ ಕೊಲ್ಲಿಸಿ, ಲೆಕ್ಕ ಚುಕ್ತಾ ಆಯಿತು ಎಂದುಕೊಳ್ಳುತ್ತಾನೆ. ಅವರಿಗೆ ಅದು ವ್ಯಾಪಾರವಲ್ಲ, ಯುದ್ಧ.

ಈ ಐಆರ್‌ಎ ವಿಷಯದಲ್ಲಿ ಚಿತ್ರದ ಬಗ್ಗೆ ನನಗೆ ಒಂದು ಆಕ್ಷೇಪ ಇದೆ. ಹಿನ್ನೆಲೆ ಗೊತ್ತಿಲ್ಲದವರಿಗೆ: ಐರ್ಲೆಂಡ್ ದ್ವೀಪದ ಉತ್ತರ ಭಾಗ ಬ್ರಿಟನ್ನಿನ ಅಧೀನದಲ್ಲಿದೆ. ಅದನ್ನು ಉಳಿದ ಐರ್ಲೆಂಡ್ ಜೊತೆ ಸೇರಿಸಬೇಕೆಂದು ಐಆರ್‌ಎ ದಶಕಗಳ ಕಾಲ ಸಶಸ್ತ್ರ ಹೋರಾಟ ಮಾಡಿತು. 1974ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಎರಡು ಪಬ್‌ಗಳಲ್ಲಿ ಬಾಂಬು ಸಿಡಿದು 21 ಜನ ಸತ್ತರು. 1979ರ ಆಗಸ್ಟಿನಲ್ಲಿ, ನಮ್ಮ ಇತಿಹಾಸ ಪುಸ್ತಕದ ಮೌಂಟ್‌ಬ್ಯಾಟನ್ ಅವರನ್ನು ಕೊಂದದ್ದೂ ಐಆರ್‌ಎ ಬಾಂಬೇ. ಹಾಗಾಗಿ ಆ ಕಾಲದ ಪ್ರೇಕ್ಷಕರಿಗೆ ಈ ಭಯ ಕಟ್ಟುಕಥೆಯಾಗಿರಲಿಲ್ಲ. ಆದರೆ ಅದೇ ಭಯ ಇನ್ನೊಂದು ಅನ್ಯಾಯವನ್ನೂ ಮಾಡಿತು. ಬರ್ಮಿಂಗ್‌ಹ್ಯಾಮ್ ಬಾಂಬಿಗೆ ಆರು ಮಂದಿ ಐರಿಷ್ ಮೂಲದವರನ್ನು ಹಿಡಿದು ಜೀವಾವಧಿ ಶಿಕ್ಷೆ ಕೊಟ್ಟರು. ಅವರು ನಿರಪರಾಧಿಗಳೆಂದು 1991ರಲ್ಲಿ ಬಿಡುಗಡೆ ಮಾಡಿದರು, ಹದಿನಾರು ವರ್ಷ ಕಳೆದ ಮೇಲೆ. ಗಿಲ್ಡ್‌ಫರ್ಡ್ ಪ್ರಕರಣದ ನಾಲ್ವರಿಗೂ ಹೀಗೆಯೇ ಆಯಿತು, 1989ರಲ್ಲಿ ಹೊರಬಂದರು. ಐರಿಷ್ ಉಚ್ಚಾರಣೆ ಇದ್ದವರನ್ನೆಲ್ಲ ಅನುಮಾನದಿಂದ ನೋಡುವ ಕಾಲ ಅದು. ಯಾರೋ ಮಾಡಿದ್ದಕ್ಕೆ ಹೆಸರು, ಮಾತು, ಮನೆತನ ನೋಡಿ ಇನ್ಯಾರನ್ನೋ ಅನುಮಾನಿಸುವುದು ಎಂದರೇನು ಎಂಬುದನ್ನು ನಮ್ಮ ಕಾಲೇಜಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಚಿತ್ರದಲ್ಲಿ ಐರಿಷ್ ಜನ ಬರುವುದು ಬೆದರಿಕೆಯಾಗಿ ಮಾತ್ರ. ಕೊಲೆಗಾರ ಯುವಕನಿಗೆ ಹೆಸರೂ ಇಲ್ಲ, ಪಾತ್ರಗಳ ಪಟ್ಟಿಯಲ್ಲಿ ‘ಮೊದಲ ಐರಿಷ್‌ಮನ್’ ಅಷ್ಟೆ. ಬಾಯಿ ಬಿಡುವುದೇ ಅಪರೂಪ. (ಆ ಪಾತ್ರ ಮಾಡಿದವರು ಪಿಯರ್ಸ್ ಬ್ರಾಸ್ನನ್, ಅದು ಅವರ ಮೊದಲ ಚಿತ್ರ. ಮುಂದೆ ಅವರೇ ಜೇಮ್ಸ್ ಬಾಂಡ್!) ಲಂಡನ್ನಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಐರಿಷ್ ಕೂಲಿಕಾರರಲ್ಲಿ ಒಬ್ಬನ ಮುಖವನ್ನೂ ಚಿತ್ರ ಸರಿಯಾಗಿ ತೋರಿಸುವುದಿಲ್ಲ. ಕಥೆ ಹ್ಯಾರಲ್ಡ್‌ನ ಕಣ್ಣಿನಿಂದ ನಡೆಯುತ್ತದೆ, ಅವನಿಗೆ ಅವರು ಕಾಣುವುದೇ ಇಲ್ಲ, ಅದಕ್ಕೇ ಸೋಲುತ್ತಾನೆ ಎಂದು ವಾದಿಸಬಹುದು. ನಾನೂ ಹಾಗೆ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಪೂರ್ತಿ ಸಮಾಧಾನ ಆಗಲಿಲ್ಲ. ಒಂದು ಚಿತ್ರವನ್ನು ಮೆಚ್ಚಿಕೊಳ್ಳುವುದಕ್ಕೆ ಅದರ ಎಲ್ಲವನ್ನೂ ಒಪ್ಪಬೇಕಿಲ್ಲ ಎಂದುಕೊಂಡು ಸುಮ್ಮನಾದೆ.

ವಿಕ್ಟೋರಿಯಾ ಪಾತ್ರದ ಬಗ್ಗೆ ಹೇಳದಿದ್ದರೆ ನಮ್ಮ ತರಗತಿಯ ಹುಡುಗಿಯರು ಬಿಡುವುದಿಲ್ಲ. ಹ್ಯಾರಲ್ಡ್‌ನ ಸಂಗಾತಿ ಈಕೆ, ನಟಿ ಹೆಲನ್ ಮಿರೆನ್. ಇಂಥ ಚಿತ್ರಗಳಲ್ಲಿ ರೌಡಿಯ ಹೆಂಗಸಿಗೆ ಇರುವ ಕೆಲಸ ಅಳುವುದು ಅಥವಾ ಕುಣಿಯುವುದು. ಆ ಪಾತ್ರಕ್ಕೆ ಬುದ್ಧಿ, ಅಧಿಕಾರ ಎರಡೂ ಇರಬೇಕೆಂದು ಮಿರೆನ್ ಹಠ ಹಿಡಿದು ಬದಲಾಯಿಸಿದರು. ಪರಿಣಾಮವನ್ನು ತೆರೆಯ ಮೇಲೆ ನೋಡಬಹುದು. ಬಾಂಬು ಸಿಡಿಯುತ್ತಿರುವಾಗ ಅತಿಥಿಗಳನ್ನು ನಗುನಗುತ್ತ ಹಿಡಿದಿಟ್ಟುಕೊಂಡಿರುವವಳು ಆಕೆ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಇನ್ವೆಸ್ಟರ್ ರಿಲೇಷನ್ಸ್ ಪೂರ್ತಿ ಅವಳ ಕೈಯಲ್ಲಿದೆ. ಹ್ಯಾರಲ್ಡ್ ಸಿಟ್ಟಿನಲ್ಲಿ ತಪ್ಪು ಮಾಡುವ ಮೊದಲೇ ಅವಳಿಗೆ ಅದು ಗೊತ್ತಾಗುತ್ತದೆ. ಒಂದೇ ಒಂದು ಕಡೆ ಆ ಗಟ್ಟಿ ಮುಖ ಕುಸಿದು ಅವಳ ಭಯ ಹೊರಬರುತ್ತದೆ, ಹ್ಯಾರಲ್ಡ್ ಕ್ಷಮೆ ಕೇಳುತ್ತಾನೆ. ಅವನು ಮನಸ್ಸಿನಿಂದ ಕ್ಷಮೆ ಕೇಳುವುದು ಅವಳೊಬ್ಬಳ ಹತ್ತಿರವೇ.

ಇನ್ನು ಮಾತಿನ ವಿಷಯ. ಹ್ಯಾರಲ್ಡ್ ಮಾತಾಡುವುದು ಪೂರ್ವ ಲಂಡನ್ನಿನ ದುಡಿಯುವ ಜನರ ಕಾಕ್ನಿ ಇಂಗ್ಲಿಷ್. ಮಂಡ್ಯ ಕಡೆ ಹಳ್ಳಿಗಳಲ್ಲಿ ಹಾಲು ‘ಆಲು’ ಆಗುವಂತೆ ಕಾಕ್ನಿಯಲ್ಲೂ ಹಕಾರ ಬಿದ್ದುಹೋಗುತ್ತದೆ, ಹ್ಯಾರಲ್ಡ್ ‘ಆರಲ್ಡ್’ ಆಗುತ್ತಾನೆ. ವಿಕ್ಟೋರಿಯಾಳದು ಒಳ್ಳೆಯ ಶಾಲೆಯಲ್ಲಿ ಕಲಿತ ತಿದ್ದಿದ ಇಂಗ್ಲಿಷ್. ಇಬ್ಬರೂ ಪಕ್ಕಪಕ್ಕ ನಿಂತು ಮಾತಾಡಿದರೆ ಸಾಕು, ಹ್ಯಾರಲ್ಡ್‌ಗೆ ಯಾವ ಮೆಟ್ಟಿಲು ಹತ್ತಬೇಕಾಗಿದೆ ಎಂಬುದು ತಿಳಿಯುತ್ತದೆ. ನಾನು ಸಬ್‌ಟೈಟಲ್ ಹಾಕಿಕೊಂಡೇ ನೋಡಿದೆ, ನೀವೂ ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಚಿತ್ರ ಮುಗಿದ ಮೇಲೆ ಅದನ್ನು ಮಾಡಿಸಿದ ಕಂಪನಿಗೇ ಅದು ಬೇಡವಾಯಿತು. ಲಾರ್ಡ್ ಗ್ರೇಡ್ ಅವರ ಐಟಿಸಿ ಸಂಸ್ಥೆಗೆ ಐಆರ್‌ಎ ವಿಷಯ ಇಷ್ಟವಾಗಲಿಲ್ಲ, ಕತ್ತರಿಸಿ ಟಿವಿಯಲ್ಲಿ ಹಾಕುವ ಆಲೋಚನೆ ನಡೆಯಿತು. ಅದರ ಮೇಲೆ, ಅಮೆರಿಕದವರಿಗೆ ಅರ್ಥವಾಗಲಿ ಎಂದು ಹಾಸ್ಕಿನ್ಸ್ ಅವರ ಧ್ವನಿ ತೆಗೆದು ಬೇರೆಯವರಿಂದ ಡಬ್ ಮಾಡಿಸಿದರು. ಹಾಸ್ಕಿನ್ಸ್ ಸುಮ್ಮನಿರದೆ ಕಾನೂನಿನ ದಾರಿ ಹಿಡಿದರು. ಕೊನೆಗೆ ಚಿತ್ರವನ್ನು ಕೊಂಡುಕೊಂಡು, ಮೂಲ ಧ್ವನಿಯೊಂದಿಗೇ ಬಿಡುಗಡೆ ಮಾಡಿದ್ದು ಹ್ಯಾಂಡ್‌ಮೇಡ್ ಫಿಲ್ಮ್ಸ್. ಅದರ ಮಾಲೀಕರಲ್ಲಿ ಒಬ್ಬರು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್, ಪಂಡಿತ್ ರವಿಶಂಕರ್ ಅವರ ಬಳಿ ಸಿತಾರ್ ಕಲಿತವರು.

ಈ ಡಬ್ಬಿಂಗ್ ಸಂಗತಿ ಓದಿದಾಗ ನನಗೆ ಆದ ಸಿಟ್ಟಿಗೆ ಕಾರಣ ಇದೆ. ನಮ್ಮ ಮನೆಯ ಮಾತು ದಖನಿ. ‘ಹೌ’, ‘ನಕ್ಕೊ’ ಎಂದರೆ ಲಖನೌ ಉರ್ದು ಬಲ್ಲವರು ನಗುತ್ತಾರೆ, ಸಿನಿಮಾದಲ್ಲಿ ಈ ಮಾತು ಬಂದರೆ ಅದು ಹಾಸ್ಯಪಾತ್ರ ಎಂದೇ ಅರ್ಥ. ಹ್ಯಾರಲ್ಡ್‌ನ ಕಥೆಯೇ ಇದು: ಎಷ್ಟು ಒಳ್ಳೆಯ ಸೂಟು ಹಾಕಿದರೂ ಬಾಯಿ ಬಿಟ್ಟರೆ ಎಲ್ಲಿಯವನು ಎಂದು ಗೊತ್ತಾಗುತ್ತದೆ. ಆ ಧ್ವನಿಯನ್ನು ತೆಗೆದು ಸಪ್ಪೆ ಇಂಗ್ಲಿಷ್ ಹಾಕಿದರೆ ಉಳಿಯುವುದು ಸೂಟು ಮಾತ್ರ.

ಈಗ ಕೊನೆಯ ದೃಶ್ಯ. ಶತ್ರುಗಳನ್ನು ಮುಗಿಸಿದೆ ಎಂಬ ಉತ್ಸಾಹದಲ್ಲಿ ಹ್ಯಾರಲ್ಡ್ ಸವಾಯ್ ಹೋಟೆಲಿಗೆ ಓಡುತ್ತಾನೆ. ಅಮೆರಿಕನ್ನರು ಬಟ್ಟೆ ತುಂಬಿಕೊಂಡು ಹೊರಟಿದ್ದಾರೆ. ಡ್ಯೂ ಡಿಲಿಜೆನ್ಸ್ ಮುಗಿದಿದೆ, ಬಾಂಬು ಸಿಡಿಯುವ ಊರಲ್ಲಿ ಅವರು ಹಣ ಹಾಕುವುದಿಲ್ಲ. ಹ್ಯಾರಲ್ಡ್ ಅವರಿಗೆ ಒಂದು ಭಾಷಣ ಬಿಗಿಯುತ್ತಾನೆ. ಬ್ರಿಟನ್ನಿನ ಹಿರಿಮೆ, ಲಂಡನ್ನಿನ ಹಿರಿಮೆ, ನೀವಿಲ್ಲದಿದ್ದರೆ ಜರ್ಮನ್ನರ ಜೊತೆ ಮಾಡುತ್ತೇನೆ, ಹೀಗೆ. ಗೆದ್ದವನಂತೆ ಹೊರಗೆ ಬಂದು ತನ್ನ ಕಾರು ಹತ್ತುತ್ತಾನೆ. ಕಾರು ಚಲಿಸುತ್ತದೆ. ಇನ್ನೊಂದು ಕಾರಿನಲ್ಲಿ ವಿಕ್ಟೋರಿಯಾಳನ್ನು ಒಯ್ಯುತ್ತಿರುವುದು ಅವನಿಗೆ ಕಾಣುತ್ತದೆ. ಮುಂದಿನ ಸೀಟಿನಿಂದ ಆ ಹೆಸರಿಲ್ಲದ ಯುವಕ ಪಿಸ್ತೂಲು ಹಿಡಿದು ತಿರುಗುತ್ತಾನೆ, ಮುಖದಲ್ಲಿ ಸಣ್ಣ ನಗು.

ಆಮೇಲೆ ಒಂದು ನಿಮಿಷಕ್ಕೂ ಮೀರಿ ಕ್ಯಾಮೆರಾ ಹ್ಯಾರಲ್ಡ್‌ನ ಮುಖವನ್ನು ಬಿಟ್ಟು ಕದಲುವುದಿಲ್ಲ. ಒಂದೂ ಮಾತಿಲ್ಲ. ಫ್ರಾನ್ಸಿಸ್ ಮಾಂಕ್‌ಮನ್ ಅವರ ಆ ಸಂಗೀತ ಮತ್ತೆ ಶುರುವಾಗುತ್ತದೆ, ವಿಮಾನ ನಿಲ್ದಾಣದಲ್ಲಿ ರಾಜನಂತೆ ನಡೆದಾಗ ಕೇಳಿದ್ದೇ. ಬೀದಿದೀಪಗಳ ಬೆಳಕು ಮುಖದ ಮೇಲೆ ಹಾದುಹೋಗುತ್ತದೆ. ಮೊದಲು ಗಾಬರಿ, ಆಮೇಲೆ ಸಿಟ್ಟು, ತಪ್ಪಿಸಿಕೊಳ್ಳುವ ದಾರಿಯ ಲೆಕ್ಕಾಚಾರ, ಮತ್ತೆ ಸಿಟ್ಟು, ಎಲ್ಲೋ ಒಂದು ಕ್ಷಣ ತನ್ನ ಮೇಲೆಯೇ ನಗು, ಕೊನೆಗೆ ಎಲ್ಲ ಎಂಟ್ರಿಗಳೂ ತಾಳೆಯಾದವನ ಮುಖದಲ್ಲಿ ಬರುವ ಒಂದು ಥರದ ನಿಶ್ಚಲತೆ. ಗುಂಡಿನ ಶಬ್ದ ಕೇಳಿಸುವುದಿಲ್ಲ, ಹೆಣ ತೋರಿಸುವುದಿಲ್ಲ. ಎರಡು ದಿನದಲ್ಲಿ ಅವನಿಗೆ ಅರ್ಥವಾಗದೆ ಉಳಿದದ್ದೆಲ್ಲ ಆ ಒಂದು ನಿಮಿಷದಲ್ಲಿ ಅರ್ಥವಾಗುತ್ತಿರುವುದನ್ನು ನಾವು ಕಣ್ಣಾರೆ ನೋಡುತ್ತೇವೆ.

ಈ ದೃಶ್ಯವನ್ನು ಎರಡು ಸಲ ನೋಡಿ. ಮೊದಲ ಸಲ ಸಂಗೀತದ ಜೊತೆ. ಎರಡನೇ ಸಲ ಶಬ್ದ ಪೂರ್ತಿ ಮುಚ್ಚಿ, ಕಣ್ಣು ಮತ್ತು ದವಡೆ ಮಾತ್ರ ಗಮನಿಸಿ. ಇಡೀ ಚಿತ್ರದಲ್ಲಿ ಒಂದು ಗಳಿಗೆಯೂ ಬಾಯಿ ಮುಚ್ಚದವನು ಈಗ ಒಂದು ಪದವನ್ನೂ ಆಡುವುದಿಲ್ಲ.